ನಾನು ಕತ್ತರಿಸಿದ ಹಸಿರು ವೈರು

ಪ್ಲಗ್ಗಿನೊಳಗಿನ ಹಸಿರು ವೈರನ್ನು ಕತ್ತರಿಸಿದವಳು ನಾನೇ. ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ. ಗೊತ್ತಿಲ್ಲದೆ ಕತ್ತರಿಸಿದ್ದೂ ಅಲ್ಲ. ಯಾಕೆ ಕತ್ತರಿಸುತ್ತಿದ್ದೇನೆ ಎಂದು ಗಂಡನಿಗೆ ಕಾಲು ಗಂಟೆ ಪಾಠ ಹೇಳಿ, ಅಡುಗೆಮನೆಯ ಕತ್ತರಿಯಲ್ಲಿ ಕಚಕ್ಕನೆ ಕತ್ತರಿಸಿ, ಸ್ಕ್ರೂ ಬಿಗಿದು, "ಈಗ ಹಾಕಿ ನೋಡಿ" ಎಂದು ಅವರ ಕೈಗೆ ಕೊಟ್ಟಿದ್ದೆ. ಹೊರಗಿನಿಂದ ನೋಡಿದರೆ ಪ್ಲಗ್ಗಿಗೆ ಮೂರು ಪಿನ್ನೂ ಇದ್ದವು. ಮೂರನೆಯದು ಬರೀ ತೋರಿಕೆಗೆ.

ನಾನು ಶಿಡ್ಲಘಟ್ಟದಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುವವಳು. ನನ್ನ ಕೋಪ ಮೂಗಿನ ತುದಿಯಲ್ಲಿದೆ ಎಂದು ಮಕ್ಕಳು ಮಾತಾಡಿಕೊಳ್ಳುತ್ತಾರೆ. ಅದು ಸುಳ್ಳು, ಮೂಗಿಗಿಂತ ಒಂದು ಇಂಚು ಮುಂದೆಯೇ ಇದೆ. ನಮ್ಮ ಮನೆಯವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಅವರದು ಮಾತು ಕಮ್ಮಿ. ಭಾನುವಾರ ಮತ್ತು ಮುಹೂರ್ತದ ದಿನಗಳಲ್ಲಿ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಾರೆ. ತಂಡದ ಯಜಮಾನರು ರಿಟೈರಾದ ಡ್ರಾಯಿಂಗ್ ಮೇಷ್ಟ್ರು, ಕೀಬೋರ್ಡ್ ಅವರದು. ಹಾಡುವ ಹುಡುಗಿ ಚಿಂತಾಮಣಿಯವಳು. ಮದುವೆ, ನಾಮಕರಣ, ಗೃಹಪ್ರವೇಶ ಎಂದು ಸುತ್ತಲಿನ ನಾಲ್ಕು ತಾಲ್ಲೂಕು ಸುತ್ತುತ್ತಾರೆ.

ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ನಮ್ಮವರು ನಾಲ್ಕು ಪೆಡಲ್ ಇಟ್ಟುಕೊಂಡಿದ್ದಾರೆ. ಸೋಪಿನ ಡಬ್ಬಿಯಷ್ಟು ದೊಡ್ಡ ತಗಡಿನ ಪೆಟ್ಟಿಗೆಗಳು. ಕಾಲಲ್ಲಿ ಒತ್ತಿದರೆ ಒಂದು ಸದ್ದನ್ನು ಒರಟು ಮಾಡುತ್ತದೆ, ಒಂದು ಮಾರ್ದನಿ ಕೊಡುತ್ತದೆ, ಇನ್ನೆರಡು ಏನು ಮಾಡುತ್ತವೆಂದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಪ್ರತಿಯೊಂದಕ್ಕೂ ಒಂಬತ್ತು ವೋಲ್ಟ್ ಬೇಕು. ಮೊದಲು ಬ್ಯಾಟರಿ ಹಾಕುತ್ತಿದ್ದರು. ಹಾಡಿನ ಮಧ್ಯೆ ಬ್ಯಾಟರಿ ಸತ್ತು, ಮಾರ್ದನಿ ನಿಂತು, ಗಿಟಾರ್ ನೆಗಡಿ ಹಿಡಿದ ಹಾಗೆ ಕೇಳಿಸಿ ಮರ್ಯಾದೆ ಹೋದ ಮೇಲೆ, ಕರೆಂಟಿಗೆ ಚುಚ್ಚುವ ಒಂದು ಸಪ್ಲೈ ತೆಗೆದುಕೊಳ್ಳೋಣ ಎಂದರು. ಆಯ್ಕೆ ಮಾಡಲು ನನ್ನನ್ನು ಚಿಂತಾಮಣಿಗೆ ಕರೆದುಕೊಂಡು ಹೋದರು. ಮನೆಯಲ್ಲೇ ಫಿಸಿಕ್ಸ್ ಇರುವಾಗ ಅಂಗಡಿಯವನನ್ನು ಯಾಕೆ ಕೇಳಬೇಕು?

ಅಂಗಡಿಯಲ್ಲಿ ನಾನು ಅಂಗಡಿಯವನಿಗೇ ಪಾಠ ಮಾಡಿದೆ. ವೋಲ್ಟೇಜ್ ಒಂಬತ್ತೇ ಇರಬೇಕು, ಹನ್ನೆರಡು ಕೊಡಬೇಡ ಎಂದೆ. ಮನೆಯಲ್ಲಿರುವ ವೈಫೈ ಅಡಾಪ್ಟರಿಗೆ ನಡುವಿನ ಮೊಳೆ ಪ್ಲಸ್ಸು, ಪೆಡಲ್ಲಿಗೆ ನಡುವೆ ಮೈನಸ್ಸು ಬೇಕು, ತಿರುವುಮುರುವಾದರೆ ಪೆಡಲ್ ಅಲ್ಲೇ ಹರೋಹರ ಎಂದೆ. "ಎರಡು ಆಂಪಿಯರ್ ಅಂತ ಬರ್ದಿದೆ, ಜಾಸ್ತಿ ಆಗಲ್ವೇನೇ?" ಎಂದು ಇವರು ಮೆಲ್ಲಗೆ ಕೇಳಿದರು. "ಟ್ಯಾಂಕ್ ತುಂಬಿದೆ ಅಂತ ನಲ್ಲಿ ಒಡೆದೋಗುತ್ತಾ? ಪೆಡಲ್ ತನಗೆ ಬೇಕಾದಷ್ಟೇ ಎಳ್ಕೊಳ್ಳುತ್ತೆ" ಎಂದೆ. ಅಷ್ಟೂ ಸರಿಯೇ. ಎಂಟು ಪೆಡಲ್ಲಿಗೆ ಸಪ್ಲೈ ಕೊಡುವ ಒಂದು ಕಪ್ಪು ಡಬ್ಬಿ ಆರಿಸಿದೆ. ಅಂಗೈಯಲ್ಲಿಟ್ಟರೆ ಬೆಂಕಿಪೊಟ್ಟಣದಷ್ಟು ಹಗುರ. ಎಷ್ಟು ಹಗುರ ಅಂತ ಮೆಚ್ಚಿಕೊಂಡವಳೂ ನಾನೇ. ಗೋಡೆಯ ಇನ್ನೂರ ಮೂವತ್ತು ವೋಲ್ಟಿಗೂ ಪೆಡಲ್ಲಿನ ಒಂಬತ್ತು ವೋಲ್ಟಿಗೂ ಮಧ್ಯೆ ಈ ಡಬ್ಬಿಯೊಳಗೆ ಏನು ಅಡ್ಡ ಇದೆ ಅಂತ ಮಾತ್ರ ನಾನು ಕೇಳಲಿಲ್ಲ.

ಆಮೇಲೆ ಗುಂಯ್ ಎನ್ನುವ ಸದ್ದು ಶುರುವಾಯಿತು. ಮನೆಯಲ್ಲಿ ನುಡಿಸಿದರೆ ಇಲ್ಲ, ಕಾರ್ಯಕ್ರಮದಲ್ಲಿ ಎಲ್ಲರ ಸದ್ದನ್ನೂ ಒಟ್ಟುಗೂಡಿಸುವ ಮಿಕ್ಸರಿಗೆ ಜೋಡಿಸಿದ ತಕ್ಷಣ ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ. ಯಜಮಾನರು ಬೇಸರ ಮಾಡಿಕೊಂಡರು. ನಾನು ಕಾಗದದ ಮೇಲೆ ಚಿತ್ರ ಬರೆದು ಕಾರಣ ಹಿಡಿದೆ. ಆಂಪ್ಲಿಫೈಯರಿಗೆ ಒಂದು ಅರ್ತ್, ಮಿಕ್ಸರಿಗೆ ಇನ್ನೊಂದು ಅರ್ತ್, ಎರಡೂ ಸೇರಿ ಒಂದು ಸುತ್ತು ಆಗಿದೆ, ಸುತ್ತನ್ನು ಒಂದು ಕಡೆ ಕಡಿದರೆ ಸದ್ದು ನಿಲ್ಲುತ್ತದೆ. ಆಂಪ್ಲಿಫೈಯರಿನ ಹಸಿರು ವೈರು, ಅಂದರೆ ಅದರ ಅರ್ತ್, ಕಡಿದೆ. ಸದ್ದು ನಿಂತಿತು. ಬ್ಲೇಡಲ್ಲಿ ಕತ್ತರಿಸಿದ ಹಾಗೆ ನಿಂತಿತು ಎಂದು ಯಜಮಾನರು ಫೋನ್ ಮಾಡಿ ಹೊಗಳಿದರು. ಕೀಬೋರ್ಡಿನದನ್ನೂ ಕಡಿದುಕೊಂಡರಂತೆ. "ಮೇಡಂ ಹೇಳಿದ ಹಸಿರು ವೈರು" ಎಂದು ಬೇರೆ ತಂಡಗಳಿಗೂ ಸುದ್ದಿ ಹೋಯಿತು. ನಾನು ಸುಮಾರು ದಿನ ಅದನ್ನೇ ನೆನೆದು ಬೀಗಿದೆ.

ಒಂದು ಸಂಜೆ ಜಂಗಮಕೋಟೆಯ ಗೃಹಪ್ರವೇಶದಿಂದ ಬಂದ ನಮ್ಮವರು, ನಾನು ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಪಕ್ಕದಲ್ಲಿ ಬಂದು ನಿಂತರು.

"ತಂತಿ ಮುಟ್ಟಿದ್ರೆ ಕೈ ಜುಮ್ ಅನ್ನುತ್ತೆ ಕಣೇ."

"ಒಂಬತ್ತು ವೋಲ್ಟಲ್ಲಿ ಯಾರಿಗೂ ಏನೂ ಆಗಲ್ಲ ರೀ. ಚಪ್ಪಲಿ ಹಾಕ್ಕೊಂಡು ನುಡಿಸಿ."

"ಸ್ಟೇಜ್ ಮೇಲಾ?"

ಅವರ ತಂಡದಲ್ಲಿ ಅದು ಆಗದ ಮಾತು ಅಂತ ನನಗೂ ಗೊತ್ತಿತ್ತು. ಸ್ಟೇಜಿನ ಮೂಲೆಯಲ್ಲಿ ಸರಸ್ವತಿಯ ಫೋಟೋ ಇಟ್ಟು ದೀಪ ಹಚ್ಚಿದ ಮೇಲೆ ಯಾರೂ ಚಪ್ಪಲಿ ಹಾಕುವ ಹಾಗಿಲ್ಲ. ಯಜಮಾನರು ಕಳಶದ ನೀರಲ್ಲಿ ಮಾವಿನೆಲೆ ಅದ್ದಿ ಒಂದೊಂದು ವಾದ್ಯಕ್ಕೂ ಚಿಮುಕಿಸಿ, ಕುಂಕುಮ ಇಟ್ಟು, ಹೂವಿಡುತ್ತಾರೆ. ಕೀಬೋರ್ಡಿಗೂ ಅದೇ, ಪೆಡಲ್ಲಿಗೂ ಅದೇ, ಕರೆಂಟಿನ ಬೋರ್ಡಿಗೂ ಅದೇ.

"ಹಂಗಾದ್ರೆ ಜುಮ್ ಅನ್ನಿಸ್ಕೊಳ್ಳಿ" ಎಂದು ಹೇಳಿ ನಾನು ಮುಂದಿನ ಪತ್ರಿಕೆ ತಿರುವಿದೆ. ಅವರು ಹೋಗಿ ಕೈಕಾಲು ತೊಳೆದುಕೊಂಡರು.

ಅದಾದ ಎರಡು ವಾರಕ್ಕೆ ಆ ಡಬ್ಬಿ ಸುಟ್ಟ ವಾಸನೆ ಬಂದು ಸತ್ತಿತು. ಅದೇ ಅಂಗಡಿಯಲ್ಲಿ ಅದೇ ತರದ್ದು ಇನ್ನೊಂದು ತಂದರು. ಸತ್ತದ್ದು ಅಟ್ಟ ಸೇರಿತು.

ಅದನ್ನು ಕೆಳಗಿಳಿಸಿದ್ದು ಒಂದು ಭಾನುವಾರ ಬೆಳಿಗ್ಗೆ, ಮಕ್ಕಳಿಗೆ ಒಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್ ತೋರಿಸೋಣ ಎಂದು. ಇವರು ಏಳು ಗಂಟೆಗೇ ಗೌರಿಬಿದನೂರಿನ ಒಂದು ಮದುವೆಗೆ ಟೆಂಪೋದಲ್ಲಿ ಹೋಗಿದ್ದರು. ನಾನು ಅಡುಗೆ ಮುಗಿಸಿ, ಹಜಾರದಲ್ಲಿ ಪೇಪರ್ ಹಾಸಿಕೊಂಡು ಡಬ್ಬಿ ಬಿಚ್ಚಿದೆ. ಬಿಚ್ಚಿದವಳು ಹಾಗೇ ಕೂತೆ. ಟ್ರಾನ್ಸ್‌ಫಾರ್ಮರಿನ ಎರಡು ಸುರುಳಿಗಳ ಮಧ್ಯೆ ಇರಬೇಕಾದ ಹಳದಿ ಟೇಪು ಕಪ್ಪು ಕರಕಲಾಗಿತ್ತು. ಒಳ್ಳೆಯ ಸಪ್ಲೈಯಲ್ಲಿ ಬೆರಳಗಲ ಬಿಟ್ಟಿರುವ ಜಾಗ ಇದರಲ್ಲಿ ಉಗುರಂಚಿನಷ್ಟೂ ಇರಲಿಲ್ಲ. ಕರೆಂಟಿಗೆ ದಾರಿ ಇದೆಯೇ ಎಂದು ನೋಡುವ ಮೀಟರಿನ ಒಂದು ಕಡ್ಡಿಯನ್ನು ಗೋಡೆಗೆ ಚುಚ್ಚುವ ಪಿನ್ನಿಗೂ ಇನ್ನೊಂದನ್ನು ಪೆಡಲ್ಲಿಗೆ ಹೋಗುವ ವೈರಿಗೂ ಮುಟ್ಟಿಸಿದೆ. ಮೀಟರು ಕುಂಯ್ ಎಂದಿತು.

ಅದು ಕುಂಯ್ ಎನ್ನಬಾರದು. ಎಂದಿತೆಂದರೆ ಗೋಡೆಯ ಕರೆಂಟು ನೇರವಾಗಿ ಪೆಡಲ್ಲಿಗೆ, ಪೆಡಲ್ಲಿಂದ ಗಿಟಾರಿನ ತಂತಿಗೆ. ಹಾಗೆ ಬಂದ ಕರೆಂಟು ಮನುಷ್ಯನ ಮೇಲೆ ಹಾಯದೆ ನೆಲಕ್ಕೆ ಇಳಿದು ಫ್ಯೂಸು ಹಾರಿಸಲಿ ಎಂದೇ ಆಂಪ್ಲಿಫೈಯರಿಗೆ ಹಸಿರು ವೈರು ಇಟ್ಟಿರುತ್ತಾರೆ. ಅದನ್ನು ಕಡಿದಾಗಿದೆ, ಮಿಕ್ಸರಿಗೆ ಹೋಗುವ ಸವೆದ ವೈರನ್ನು ನೆಚ್ಚುವ ಹಾಗಿಲ್ಲ. ಆ ಕರೆಂಟಿಗೆ ಉಳಿದ ದಾರಿ ಒಂದೇ, ನನ್ನ ಗಂಡ.

ಈ ಡಬ್ಬಿಯ ಜೊತೆಗಾರ ಡಬ್ಬಿ ಆ ಹೊತ್ತಿಗೆ ಗೌರಿಬಿದನೂರಿನಲ್ಲಿತ್ತು.

ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಕಾರ್ಯಕ್ರಮವಿದ್ದರೆ ಫೋನನ್ನು ಗಿಟಾರಿನ ಚೀಲದಲ್ಲಿಟ್ಟು ಸೈಲೆಂಟ್ ಮಾಡುತ್ತಾರೆ, ಅದೂ ನಾನೇ ಕಲಿಸಿದ ಶಿಸ್ತು. ಯಜಮಾನರಿಗೆ ಮಾಡಿದೆ, ಅವರೂ ಎತ್ತಲಿಲ್ಲ. "ಗಿಟಾರ್ ಮುಟ್ಟಬೇಡಿ, ಪ್ಲಗ್ ತೆಗೀರಿ" ಎಂದು ಮೆಸೇಜು ಹಾಕಿದೆ. ಎರಡು ಟಿಕ್ಕು ಬಿತ್ತು, ನೀಲಿ ಆಗಲಿಲ್ಲ. ಕೊನೆಗೆ ಹಾಡುವ ಹುಡುಗಿ ಎತ್ತಿದಳು. ಹಿಂದೆ ವಾಲಗದ ಸದ್ದು. "ಹಲೋ, ಅಕ್ಕಾ, ಏನೂ ಕೇಳಿಸ್ತಿಲ್ಲ, ಧಾರೆ ಆಗ್ತಾ ಇದೆ, ಹನ್ನೆರಡೂವರೆಗೆ ಶುರು ನಮ್ದು, ಆಮೇಲ್ ಮಾಡ್ತೀನಿ" ಎಂದು ಒಂದೇ ಉಸಿರಲ್ಲಿ ಹೇಳಿ ಇಟ್ಟಳು. ಮತ್ತೆ ಮಾಡಿದರೆ ಎತ್ತಲಿಲ್ಲ. ಗಂಟೆ ಹತ್ತೂ ಕಾಲು.

ಮೀಟರನ್ನು ಬ್ಯಾಗಿಗೆ ಹಾಕಿಕೊಂಡು, ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ನೋಡದೆ ಬಸ್‌ಸ್ಟ್ಯಾಂಡಿಗೆ ಓಡಿದೆ. ಚಿಕ್ಕಬಳ್ಳಾಪುರದ ಬಸ್ಸು ಹೊರಡಲು ತಯಾರಿತ್ತು, ಆದರೆ ಡ್ರೈವರು ಕಾಫಿ ಕುಡಿಯುತ್ತಿದ್ದ. "ಬೇಗ ತೆಗೀರಪ್ಪ" ಎಂದು ಗದರಿದೆ. "ಬರ್ತೀನಿ ಇರಮ್ಮ, ಟೈಮಾಗಿಲ್ಲ" ಎಂದ. ಎಲ್ಲರನ್ನೂ ಗದರಿ ಬದುಕಿದವಳಿಗೆ ಅವತ್ತು ಗದರಿಕೆ ಕೆಲಸಕ್ಕೆ ಬರಲಿಲ್ಲ.

ಚಿಕ್ಕಬಳ್ಳಾಪುರದಲ್ಲಿ ಇಳಿದು ಗೌರಿಬಿದನೂರಿನ ಬಸ್ಸು ಹಿಡಿಯುವಷ್ಟರಲ್ಲಿ ಹನ್ನೊಂದು ದಾಟಿತ್ತು. ನೂರು ಸಲ ಫೋನ್ ಮಾಡಿರಬೇಕು. ಪಕ್ಕದಲ್ಲಿ ಹೂವಿನ ಮೂಟೆ ಇಟ್ಟುಕೊಂಡಿದ್ದ ಅಜ್ಜಿ ನನ್ನ ಮುಖ ನೋಡಿ ತೆಲುಗಿನಲ್ಲಿ "ಏಮಯ್ಯಿಂದಮ್ಮಾ?", ಏನಾಯ್ತು ಎಂದು ಕೇಳಿದರು. "ಏಮೀ ಲೇದು", ಏನಿಲ್ಲ ಎಂದೆ. ಆಮೇಲೆ ತಡೆಯಲಾರದೆ, ಗಂಡ ಫೋನು ಎತ್ತುತ್ತಿಲ್ಲ ಎಂದೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಒದ್ದೆ ಕೈ, ತಣ್ಣಗಿತ್ತು. ಮಂಚೇನಹಳ್ಳಿಯಲ್ಲಿ ಇಳಿಯುವ ತನಕ ಬಿಡಲಿಲ್ಲ.

ಆ ಬಸ್ಸಿನಲ್ಲಿ ನನಗೆ ಇನ್ನೊಂದು ಹೊಳೆಯಿತು. ಇವರು ಮೊದಲು ಕೋರಸ್ಸಿಗೆ ಹಾಡುತ್ತಿದ್ದರು. ದೊಡ್ಡ ಕಂಠವಲ್ಲ, ಆದರೆ ಹಾಡುವ ಹುಡುಗಿಯ ಹಿಂದೆ ಒಂದೆರಡು ಸಾಲು ಸೇರಿಸಿದರೆ ಹಾಡು ತುಂಬಿಕೊಳ್ಳುತ್ತಿತ್ತು. ಜಂಗಮಕೋಟೆಯಾದ ಮೇಲೆ ಬಿಟ್ಟಿದ್ದರು. "ವಯಸ್ಸಾಯ್ತು, ಗಂಟಲು ಕೈಕೊಟ್ಟಿದೆ" ಎಂದಿದ್ದರು, ನಾನೂ ಅದನ್ನೇ ಹಿಡಿದು ಊರೆಲ್ಲ ಗೇಲಿ ಮಾಡಿದ್ದೆ. ಗಂಟಲಿಗೆ ಏನೂ ಆಗಿರಲಿಲ್ಲ. ಕೈಯಲ್ಲಿ ತಂತಿ ಹಿಡಿದು ತುಟಿಯನ್ನು ಮೈಕಿಗೆ ತಾಗಿಸಿದರೆ ಕೈಯಿಂದ ತುಟಿಗೆ, ಮಧ್ಯೆ ಎದೆಯ ಮೇಲೆಯೇ ಕರೆಂಟು ಹಾಯಬೇಕು. ಮೈಕಿಗೆ ಅರ್ತ್ ಇದೆ, ಅದನ್ನು ಯಾರೂ ಕಡಿದಿಲ್ಲ. ತುಟಿಗೆ ಶಾಕ್ ಹೊಡೆದಿದ್ದಕ್ಕೇ ಇವರು ಹಾಡು ಬಿಟ್ಟಿದ್ದರು. ಮೂರು ತಿಂಗಳಿಂದ ಗೊತ್ತಿದ್ದೂ ನನಗೆ ಹೇಳಿರಲಿಲ್ಲ. ನನಗೆ ಸಿಟ್ಟು ಬಂತು. ಅವರ ಮೇಲೆ ಬಂದ ಸಿಟ್ಟು ಅವರು ಬದುಕಿದ್ದರೆ ಸಾಕು ಎನ್ನುವಲ್ಲಿಗೆ ಹೋಗಿ ನಿಂತಿತು.

ಇವರು ಹೇಳಿದ್ದ ಛತ್ರದ ಮುಂದೆ ಆಟೋ ಇಳಿದಾಗ ಹನ್ನೆರಡೂ ಇಪ್ಪತ್ತು. ಊಟದ ಹಾಲಿಗೆ ನುಗ್ಗುವವರನ್ನು ಸರಿಸಿಕೊಂಡು ಒಳಗೆ ಹೋದೆ. ಸ್ಟೇಜಿನ ಮೇಲೆ ದೀಪ ಹಚ್ಚಿ ಆಗಿತ್ತು. ಯಜಮಾನರು ಬಗ್ಗಿ ಮಾವಿನೆಲೆಯಿಂದ ಪೆಡಲ್ಲುಗಳ ಮೇಲೆ ನೀರು ಚಿಮುಕಿಸುತ್ತಿದ್ದರು. ಕಪ್ಪು ಡಬ್ಬಿಗೆ ಒಂದು ಚೆಂಡುಹೂವು. ಕೆಳಗಿನ ಕಾರ್ಪೆಟ್ಟು ಅಲ್ಲಲ್ಲಿ ಒದ್ದೆ. ಇವರು ಗಿಟಾರನ್ನು ಹೆಗಲಿಗೆ ಹಾಕಿ, ಬರಿಗಾಲಲ್ಲಿ, ಎಡಗೈ ತಂತಿಯ ಮೇಲಿಟ್ಟುಕೊಂಡೇ ನಿಂತಿದ್ದರು. ಹಾಡುವ ಹುಡುಗಿ ಮೈಕು ಹಿಡಿದು ಅವರ ಕಡೆಗೆ ತಿರುಗಿದಳು.

"ಸರ್, ಮದುಮಗನ ಕಡೆಯವ್ರು ಜೋಡಿ ಹಾಡು ಕೇಳ್ತಾ ಇದಾರೆ. ಒಂದೇ ಲೈನು, ನೀವೂ ಹಾಡಿ ಸರ್."

ಇವರು ಬೇಡ ಎಂದು ತಲೆಯಾಡಿಸಿದರು. ಆಕೆ ನಗುತ್ತ ಮೈಕನ್ನು ಅವರ ಮುಖದ ಹತ್ತಿರಕ್ಕೇ ಹಿಡಿದಳು.

ನಾನು ಕೂಗಿದೆ. ನಲವತ್ತು ಬೆಂಚಿನ ಕ್ಲಾಸನ್ನು ಅಡಗಿಸುವ ಗಂಟಲು ನನ್ನದು, ಆದರೆ ಆ ಛತ್ರದಲ್ಲಿ ಪಕ್ಕದವರಿಗೂ ಕೇಳಿಸಲಿಲ್ಲ. ಸ್ಟೇಜಿನ ಪಕ್ಕದ ಗೋಡೆಯಲ್ಲಿ ಎಲ್ಲ ವೈರುಗಳೂ ಹೋಗಿ ಸೇರುವ ದೊಡ್ಡ ಪ್ಲಗ್ಗು ಕಣ್ಣಿಗೆ ಬಿತ್ತು. ಎರಡು ಕುರ್ಚಿ ಬೀಳಿಸಿಕೊಂಡು ಹೋಗಿ, ಸ್ವಿಚ್ಚು ಹುಡುಕುತ್ತ ನಿಲ್ಲದೆ ಪ್ಲಗ್ಗನ್ನು ಹಿಡಿದು ಎಳೆದುಬಿಟ್ಟೆ.

ಎಲ್ಲ ಸತ್ತವು. ಮೈಕು, ಸ್ಟೇಜಿನ ಬಣ್ಣದ ದೀಪ, ಕೀಬೋರ್ಡು, ವಧೂವರರ ಹೆಸರು ಮಿನುಗುತ್ತಿದ್ದ ಬೋರ್ಡು. ಹೆಣ್ಣಿನ ಕಡೆಯ ಹಿರಿಯರೊಬ್ಬರು "ಯಾರಮ್ಮ ನೀನು? ಶುಭ ಕಾರ್ಯದಲ್ಲಿ ದೀಪ ಆರಿಸ್ತೀಯಾ?" ಎಂದು ರೇಗಿದರು. ಇವರು ಸ್ಟೇಜಿನಿಂದಲೇ "ಇದೇನೇ, ನೀನಿಲ್ಲಿ?" ಎಂದರು.

"ಗಿಟಾರ್ ಕೆಳಗಿಡಿ" ಎಂದೆ. "ದಮ್ಮಯ್ಯ, ಮೊದಲು ಕೆಳಗಿಡಿ."

ಛತ್ರದ ಎಲೆಕ್ಟ್ರಿಷಿಯನ್ ಬಂದರು, ಉರ್ದು ಮಾತಾಡುವ ವಯಸ್ಸಾದ ಸಾಬರು. ನಾನು ತಡವರಿಸುತ್ತ ಹೇಳಿದ್ದನ್ನು ಪೂರ್ತಿ ಕೇಳಿದರು. ಒಂದು ಹೋಲ್ಡರಿಗೆ ಹಳೇ ಕಾಲದ ಬಲ್ಬು ಸಿಕ್ಕಿಸಿ, ಅದರ ಎರಡು ವೈರಿನಲ್ಲಿ ಒಂದನ್ನು ಕುರ್ಚಿಯ ಮೇಲೆ ಮಲಗಿಸಿದ್ದ ಗಿಟಾರಿನ ತಂತಿಗೂ ಇನ್ನೊಂದನ್ನು ಮೈಕಿನ ಜಾಲರಿಗೂ ಕಟ್ಟಿದರು. ಎಲ್ಲರನ್ನೂ ದೂರ ನಿಲ್ಲಿಸಿ ಗೋಡೆಯ ಪ್ಲಗ್ಗು ಹಾಕಿದರು.

ಬಲ್ಬಿನೊಳಗೆ ಕೆಂಪಾಯಿತು. ಪೂರ್ತಿ ಉರಿಯಲಿಲ್ಲ, ಆದರೆ ಹಾಲಿನ ಹಿಂದೆ ಕೂತವರಿಗೂ ಕಾಣುವಷ್ಟು ಕೆಂಪಾಯಿತು.

"ಯಾ ಅಲ್ಲಾ" ಎಂದರು ಸಾಬರು. ಹಾಡುವ ಹುಡುಗಿ ಬಾಯಿಗೆ ಸೆರಗು ಹಿಡಿದು ಅಳತೊಡಗಿದಳು. ನನ್ನ ಮೇಲೆ ರೇಗಿದ್ದ ಹಿರಿಯರು ಮೆಲ್ಲಗೆ ಒಂದು ಕುರ್ಚಿ ಎಳೆದುಕೊಟ್ಟು "ಕೂತ್ಕೊಳಮ್ಮ" ಎಂದರು. ಸಾಬರು ಆಂಪ್ಲಿಫೈಯರಿನ ಪ್ಲಗ್ಗು ಬಿಚ್ಚಿ ನೋಡಿದರು. "ಯಾವ ಗಾಂಪ ಕತ್ತರಿಸಿದ್ದು ಇದನ್ನ? ಇದು ಇದ್ದಿದ್ರೆ ಫ್ಯೂಸ್ ಹೋಗ್ತಿತ್ತು, ಅಷ್ಟೇ."

ತಂಡದವರು ಯಾರೂ ನನ್ನ ಕಡೆ ನೋಡಲಿಲ್ಲ. ಇವರು ಕೂಡ "ಯಾರೋ ಗೊತ್ತಿಲ್ಲ ಸಾಬ್ರೆ, ಹಳೇದು" ಎಂದುಬಿಟ್ಟರು.

"ನಾನು" ಎಂದೆ. ಅಷ್ಟು ಹೇಳಲು ನನಗೆ ಎಷ್ಟು ಕಷ್ಟವಾಯಿತೆಂದರೆ, ಬಸ್ಸಿನ ಎರಡು ಗಂಟೆ ಅದಕ್ಕಿಂತ ಸಲೀಸು. "ನಾನೇ ಕತ್ತರಿಸಿದ್ದು. ಫಿಸಿಕ್ಸ್ ಲೆಕ್ಚರರ್ ನಾನು."

ಸಾಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಸಿರು ವೈರನ್ನು ಮತ್ತೆ ಕಟ್ಟತೊಡಗಿದರು. ಪುಸ್ತಕದ ಬದನೆಕಾಯಿ ಎಂದು ಅವರು ಅನ್ನಲಿಲ್ಲ, ನಾನೇ ಅಂದುಕೊಂಡೆ. ಅವತ್ತು ಇವರು ಪೆಡಲ್ಲಿಲ್ಲದೆ ನುಡಿಸಿದರು. ಗುಂಯ್ ಸದ್ದು ವಾಪಸ್ಸು ಬಂತು. ನನಗೆ ಅದು ಕೇಳಿಸುತ್ತಿರಲಿ ಎನ್ನಿಸಿತು.

ಮರುದಿನದಿಂದ ನಾನು ಫೋನಿಗೆ ಕೂತೆ. ಯಜಮಾನರ ಕೀಬೋರ್ಡು, ಅವರಿಂದ ಕೇಳಿಕೊಂಡ ಚಿಂತಾಮಣಿಯ ತಂಡ, ಅವರಿಂದ ಕೇಳಿಕೊಂಡ ದಿಬ್ಬೂರಹಳ್ಳಿಯ ಭಜನೆ ಮಂಡಳಿ. "ನಾನು ಹೇಳಿದ್ದು ತಪ್ಪು, ಆ ವೈರು ವಾಪಸ್ಸು ಕಟ್ಟಿಸಿ" ಎಂದು ಒಬ್ಬೊಬ್ಬರಿಗೂ ಹೇಳಿದೆ. ಕೆಲವರು ನಂಬಲಿಲ್ಲ. "ಸದ್ದು ಬರುತ್ತಲ್ಲ ಮೇಡಂ" ಎಂದರು. ಬರಲಿ, ಮಿಕ್ಸರಿಗೆ ಹೋಗುವ ವೈರಿನ ಮಧ್ಯೆ ಸಣ್ಣ ಟ್ರಾನ್ಸ್‌ಫಾರ್ಮರ್ ಡಬ್ಬಿ ಹಾಕಿದರೆ ನಿಲ್ಲುತ್ತದೆ, ಎಲ್ಲವನ್ನೂ ಒಂದೇ ಬೋರ್ಡಿಗೆ ಚುಚ್ಚಿದರೆ ಅರ್ಧ ನಿಲ್ಲುತ್ತದೆ, ಅರ್ತ್ ಮಾತ್ರ ಮುಟ್ಟಬೇಡಿ ಎಂದೆ. ನೀರು ಚಿಮುಕಿಸುವುದನ್ನು ಬಿಡಿ ಎಂದು ಯಜಮಾನರಿಗೆ ಹೇಳುವ ಧೈರ್ಯ ಬರಲಿಲ್ಲ. ಅವರೇ ಈಗ ಪ್ಲಗ್ಗು ಹಾಕುವ ಮೊದಲು ಫೋಟೋಗೆ ಮಾತ್ರ ಚಿಮುಕಿಸಿ, ವಾದ್ಯಗಳಿಗೆ ಒಣ ಅಕ್ಷತೆ ಹಾಕುತ್ತಾರೆ.

ಹೊಸ ಸಪ್ಲೈ ಆರಿಸಲು ಮೂರು ವಾರ ತೆಗೆದುಕೊಂಡೆ. ಈ ಸಲ ಅಂಗಡಿಯವರನ್ನು ಕೇಳಿದೆ, ಸಾಬರನ್ನು ಕೇಳಿದೆ, ಇವರನ್ನು ಕೇಳಿದೆ. ಪ್ಲಗ್ಗಿಗೆ ಅರ್ತ್ ಇರುವುದು, ಸುರಕ್ಷತೆಯ ಪರೀಕ್ಷೆ ಪಾಸಾದ ಗುರುತು ಇರುವುದು, ಪ್ರತಿ ಪೆಡಲ್ಲಿನ ಸಪ್ಲೈ ಒಂದಕ್ಕೊಂದು ತಾಗದೆ ಬೇರೆಬೇರೆ ಇರುವುದು, ಅಂಥದ್ದನ್ನೇ ಹುಡುಕಿದೆ. ಬೆಂಗಳೂರಿನಿಂದ ತರಿಸಿದೆವು. ಇಟ್ಟಿಗೆಯ ಹಾಗೆ ಭಾರ.

ಅದು ಬಂದ ದಿನ ಮಧ್ಯಾಹ್ನ ಹಜಾರದಲ್ಲಿ ಎಲ್ಲ ಜೋಡಿಸಿದೆವು. ನಾನು ಮೀಟರಿನಲ್ಲಿ ನೋಡಿದೆ, ಎರಡು ಸಲ ನೋಡಿದೆ. ಆಮೇಲೆ ಇವರು ತಂತಿ ಮುಟ್ಟಿದರು.

"ಜುಮ್ ಅಂತಾ?"

"ಇಲ್ಲ."

"ಸರಿಯಾಗಿ ನೋಡಿ."

"ಇಲ್ಲ ಕಣೇ."

ಆಗ ಕೇಳಿದೆ. ಬಸ್ಸಿನಿಂದ ಗಂಟಲಲ್ಲೇ ಇಟ್ಟುಕೊಂಡಿದ್ದ ಮಾತು.

"ತುಟಿಗೆ ಹೊಡೆದಾಗಲಾದ್ರೂ ಯಾಕ್ರೀ ಹೇಳ್ಲಿಲ್ಲ?"

ಅವರು ಗಿಟಾರಿನ ಕಿವಿ ತಿರುವುತ್ತ, ತಲೆಯೆತ್ತದೆ ಹೇಳಿದರು. "ಒಂದ್ಸಲ ಹೇಳಿದ್ನಲ್ಲ. ಎರಡ್ನೇ ಸಲ ಹೇಳಕ್ಕೆ ಭಯ ಆಯ್ತು."

"ಕರೆಂಟಿಗೆ ಭಯ ಆಗ್ಲಿಲ್ವಾ?"

"ಆಗ್ತಿತ್ತು" ಎಂದರು. "ಆದ್ರೆ ಅದು ಸ್ಟೇಜ್ ಮೇಲೆ ಇರೋವಾಗ ಮಾತ್ರ."